ಎರಡೇ ಬೇರಿನ ಕೆಂಚಣ್ಣ

ನಾನು ಕಂಡ ಪುಕ್ಕಲರಲ್ಲೆಲ್ಲ ಕೆಂಚಣ್ಣನೇ ದೊಡ್ಡ ಪುಕ್ಕಲ. ಇದು ಅವನ ಬೆನ್ನ ಹಿಂದೆ ಆಡುವ ಮಾತಲ್ಲ, ಅವನೇ ಊರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದ ಮಾತು. ತೋಟದೊಳಗೆ ಕಾಲಿಟ್ಟನೆಂದರೆ ಟವಲ್ಲನ್ನು ದಪ್ಪ ಸಿಂಬೆ ಮಾಡಿ ತಲೆಯ ಮೇಲಿಟ್ಟುಕೊಂಡು, ಕತ್ತು ಮೇಲೆತ್ತಿ, ಯಾವ ಮರದ ಬುಡವನ್ನೂ ಸೇರದ ಹಾಗೆ ಅಂಕುಡೊಂಕಾಗಿ ನಡೆಯುತ್ತಿದ್ದ. ಕಾಯಿ ತಲೆಗೆ ಬಿದ್ದೀತೆಂಬ ಭಯ. ತೆಂಗಿನ ಸೀಮೆಯಲ್ಲಿ ಹುಟ್ಟಿ ಅರವತ್ತು ವರ್ಷವಾದರೂ ಒಂದೇ ಒಂದು ಮರ ಹತ್ತಿದವನಲ್ಲ. ಬಾವಿಯನ್ನು ನೋಡಬೇಕಾದರೆ ದಂಡೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಇಣುಕುತ್ತಿದ್ದ. ಬಸ್ಸು ಹತ್ತಿದರೆ ಡ್ರೈವರ್ ಹಿಂದಿನ ಸೀಟೇ ಬೇಕು. ಶೆಟ್ಟಿಕೆರೆಯಿಂದ ಚಿಕ್ಕನಾಯಕನಹಳ್ಳಿ ಮುಟ್ಟುವವರೆಗೂ "ನಿಧಾನ ಕಣಪ್ಪ, ನಿಧಾನ" ಎಂದು ಅವನ ತಲೆ ತಿನ್ನುತ್ತಿದ್ದ.

ನಮ್ಮ ಮನೆಗೆ ಅವನು ಬರುತ್ತಿದ್ದದ್ದು ಕಾಯಿ ಸುಲಿಯುವುದಕ್ಕೆ. ಅಟ್ಟದ ಮೇಲೆ ವರ್ಷ ಒಣಗಿದ ಕಾಯನ್ನು ಬೇರೆಯವರು ಇಳಿಸಿ ಕೊಡಬೇಕು, ಕೆಂಚಣ್ಣ ನೆಲದ ಮೇಲೆ ನಿಂತು ಸುಲಿಯುತ್ತಾನೆ. ನಮ್ಮ ಯಜಮಾನರಿಗೆ ಅವನನ್ನು ರೇಗಿಸದಿದ್ದರೆ ಕಾಫಿ ಇಳಿಯುತ್ತಿರಲಿಲ್ಲ.

"ಏನ್ ಕೆಂಚಣ್ಣ, ಎಂಟು ಮೆಟ್ಲು ಏಣಿಗೂ ಹೆದರ್ತೀಯಲ್ಲ."

"ಏಣಿಗಲ್ಲ ಕಣ್ರೀ ಯಜಮಾನ್ರೆ, ನೆಲಕ್ಕೆ. ಬಿದ್ರೆ ಹೊಡಿಯಾದು ಏಣಿ ಅಲ್ಲ, ನೆಲ" ಎಂದು ಅವನು ಗಂಭೀರವಾಗಿಯೇ ಹೇಳುತ್ತಿದ್ದ. ಆಮೇಲೆ ತನ್ನ ಮಾಮೂಲಿ ಮಾತು ಸೇರಿಸುತ್ತಿದ್ದ. "ಹೆದ್ರೋನು ಸಂಜಿಕೆ ಮನೆ ಸೇರ್ತಾನೆ ಬುಡಿ."

ಇಂಥ ಮನುಷ್ಯ ವರ್ಷಕ್ಕೊಮ್ಮೆ, ಸಂಕ್ರಾಂತಿ ಕಳೆದ ಮೇಲೆ, ಒಬ್ಬನೇ ಕರಡಿ ಇರುವ ಬೆಟ್ಟಕ್ಕೆ ಹೋಗುತ್ತಿದ್ದ. ನಾನು ಈ ಊರಿಗೆ ಸೊಸೆಯಾಗಿ ಬಂದು, ಇಲ್ಲೇ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಟೀಚರಾಗಿ ಇಪ್ಪತ್ತಾರು ವರ್ಷವಾಯಿತು. ಬಂದ ವರ್ಷದಿಂದಲೂ ಆ ದಿನಗಳಲ್ಲಿ ಬೆಳಗಿನ ಹೊತ್ತು ಹಿತ್ತಲಲ್ಲಿ ನಿಂತರೆ ಬೆಟ್ಟದ ಕಡೆಯಿಂದ ಅವನ ದನಿ ಕೇಳುತ್ತಿತ್ತು. ಮೂರು ಸಲ ಚಪ್ಪಾಳೆ, ಆಮೇಲೆ ಎಳೆದೆಳೆದು ಕೂಗು.

"ಕಂಬಳಿಯೋರೇ, ಕೆಂಚ ಬಂದವ್ನೆ ಕಣ್ರಪ್ಪೋ. ಎರಡೇ ಬೇರು. ತಗಂಡು ಹೊಂಟೋಯ್ತಾನೆ. ದಾರಿ ಬುಡಿ."

ಕಂಬಳಿಯೋರು ಎಂದರೆ ಕರಡಿ. ಬೆಟ್ಟದಲ್ಲಿ ಅದರ ಹೆಸರು ಹೇಳಬಾರದೆಂಬುದು ಅವನ ಅಪ್ಪನ ಕಾಲದಿಂದ ಬಂದ ಪದ್ಧತಿ. ಕೂಗದೆ ಬೆಟ್ಟ ಹತ್ತಬಾರದು, ಎಷ್ಟು ತೆಗೆಯುತ್ತೇನೆಂದು ಹೇಳದೆ ನೆಲ ಮುಟ್ಟಬಾರದು, ಹೇಳಿದ್ದಕ್ಕಿಂತ ಒಂದು ಹೆಚ್ಚಿಗೆ ತೆಗೆಯಬಾರದು. ಒಂದೊಂದು ಬಳ್ಳಿಯ ಹತ್ತಿರವೂ ನಿಂತು ಇದೇ ಕೂಗು. ಮೊದಲ ವರ್ಷಗಳಲ್ಲಿ ನನಗಿದು ತಮಾಷೆಯಾಗಿ ಕಾಣುತ್ತಿತ್ತು. ಆಮೇಲೆ ವಿಜ್ಞಾನದ ಟೀಚರಿಗೂ ಅರ್ಥವಾಯಿತು. ಕರಡಿ ಮನುಷ್ಯನನ್ನು ಹುಡುಕಿಕೊಂಡು ಬರುವ ಪ್ರಾಣಿಯಲ್ಲ, ಅಚಾನಕ್ಕಾಗಿ ಎದುರಾದರೆ ಮೇಲೆ ಬೀಳುವ ಪ್ರಾಣಿ. ದೂರದಿಂದಲೇ ಸದ್ದು ಕೇಳಿದರೆ ಅದೇ ಪಕ್ಕಕ್ಕೆ ಸರಿಯುತ್ತದೆ.

ಅವನು ತರುತ್ತಿದ್ದದ್ದು ಮಾಕಳಿ ಬೇರು. ನಮ್ಮ ಕಡೆ ಉಪ್ಪಿನಕಾಯಿ ಹಾಕುತ್ತಾರಲ್ಲ, ಅದೇ. ವಾಸನೆಗೆ ಮೂಗು ಮುಚ್ಚಿಕೊಂಡು ಓಡುವವರಿದ್ದಾರೆ. ನಮ್ಮ ಅತ್ತೆಯವರ ತವರಿನಲ್ಲಿ ಅದಕ್ಕೆ ತಿಗಣೆ ಉಪ್ಪಿನಕಾಯಿ ಎಂದೇ ಹೆಸರು. ನಾಲಗೆಗೆ ಹತ್ತಿದರೆ ಮಾತ್ರ ಬಿಡುವುದಿಲ್ಲ. ಬಾಣಂತಿಗೆ, ಜ್ವರ ಬಿಟ್ಟು ಬಾಯಿ ಕೆಟ್ಟವರಿಗೆ, ಅನ್ನ ಸೇರದ ಮುದುಕರಿಗೆ ಔಷಧಿಯೆಂದು ಮಜ್ಜಿಗೆಯಲ್ಲಿ ತೇದು ಕೊಡುತ್ತಿದ್ದರು. ಬಂಡೆಯ ಸಂದಿನಲ್ಲಿ, ಮಣ್ಣೇ ಇಲ್ಲದಂಥ ಕಡೆ ಬೆಳೆಯುವ ಹಾಲುಬಳ್ಳಿ ಅದು. ಬುಡದಲ್ಲಿ ಐದಾರು ಬೇರು ಗೆಣಸಿನ ಹಾಗೆ ಇಳಿದಿರುತ್ತವೆ.

ಕೆಂಚಣ್ಣ ಬೇರು ತೆಗೆಯುವುದನ್ನು ನೋಡಬೇಕಿತ್ತು. ಕೋಡಿನಂಥ ಜೋಡಿ ಕಾಯಿ ಒಣಗಿ ಒಡೆದು, ಹತ್ತಿಯ ಕುಚ್ಚು ಕಟ್ಟಿಕೊಂಡ ಬೀಜ ಗಾಳಿಗೆ ಹಾರಿಹೋಗುವವರೆಗೂ ಅವನು ಬಳ್ಳಿಯ ಬುಡ ಮುಟ್ಟುತ್ತಿರಲಿಲ್ಲ. ಹಾರೆ ಒಯ್ಯುತ್ತಿರಲಿಲ್ಲ, ಕಳೆ ತೆಗೆಯುವ ಒಂದು ಮೊಂಡು ಕುರ್ಪಿ ಅಷ್ಟೆ. "ಹಾರೆ ಕೈಲಿದ್ರೆ ಕೈ ಮಾತು ಕೇಳಾಕಿಲ್ಲ ಕಣಮ್ಮ" ಎನ್ನುತ್ತಿದ್ದ. ಬಳ್ಳಿಯ ಒಂದು ಮಗ್ಗುಲಲ್ಲಿ ಮಾತ್ರ ಮಣ್ಣು ಕೆದಕಿ, ಬೆರಳಲ್ಲಿ ತಡವಿ ಎಷ್ಟು ಬೇರಿದೆಯೆಂದು ನೋಡಿ, ಅದರಲ್ಲಿ ಎರಡನ್ನು ಬುಡದ ಗಂಟಿಗೆ ಪೆಟ್ಟಾಗದ ಹಾಗೆ ಕುಯ್ದು ತೆಗೆದು, ಮಣ್ಣು ಮುಚ್ಚಿ, ತರಗು ಹರಡಿ, ದನ ಮೇಕೆ ತುಳಿಯದ ಹಾಗೆ ಮುಳ್ಳಿನ ಕೊಂಬೆ ಎಳೆದು ಹಾಕುತ್ತಿದ್ದ. ಆ ಬಳ್ಳಿಯ ಹತ್ತಿರ ಮತ್ತೆ ಹೋಗುವುದು ಮೂರು ಮುಂಗಾರು ಕಳೆದ ಮೇಲೆ. ಎಲ್ಲಾ ಬೇರು ಕಿತ್ತರೆ ಏನಾಗುತ್ತದೆ ಎಂದು ನಾನೊಮ್ಮೆ ಕೇಳಿದೆ, ಪರೀಕ್ಷೆ ಮಾಡುವವಳ ಹಾಗೆ.

"ಏನಾಯ್ತದೋ ನಂಗೊತ್ತಿಲ್ಲ, ಕಿತ್ತು ನೋಡಿಲ್ಲ. ಹೆದ್ರಿಕೆ ಆಯ್ತದೆ" ಎಂದ.

ಇಡೀ ಬೆಟ್ಟಕ್ಕೆ ಬೀಜ ಹಾರಿಬರುವುದು ಒಂದು ಹಳೆಯ ತಾಯಿಬಳ್ಳಿಯಿಂದ ಎಂದು ಅವನು ನಂಬಿದ್ದ. ಅವನ ಅಪ್ಪ ಸಾಯುವ ಮುಂಚೆ ಅದನ್ನು ಅವನಿಗೆ ತೋರಿಸಿದ್ದನಂತೆ. ಅದರ ಬೇರನ್ನು ಅವರಿಬ್ಬರೂ ಒಮ್ಮೆಯೂ ತೆಗೆದವರಲ್ಲ. ಅದು ಎಲ್ಲಿದೆಯೆಂದು ಹೆಂಡತಿ ಪುಟ್ಟಮ್ಮನಿಗೂ ಅವನು ಹೇಳಿರಲಿಲ್ಲ.

ಒಂದು ಭಾನುವಾರ ಹಟ ಮಾಡಿ ನಾನೂ ಅವನ ಜೊತೆ ಹೊರಟೆ. ಬೆಟ್ಟದ ಅರ್ಧಕ್ಕೆ ಬಂದಿದ್ದೆವು. ಹತ್ತು ಹೆಜ್ಜೆ ಆಚೆ ಬಂಡೆಯ ಮೇಲೆ ಒಣಗಿದ ಮಾಕಳಿ ಬಳ್ಳಿ ಕಾಣುತ್ತಿತ್ತು. ಕೆಂಚಣ್ಣ ಥಟ್ಟನೆ ನಿಂತು ಕೈ ಅಡ್ಡ ಹಿಡಿದ. ಪಕ್ಕದಲ್ಲಿ ಒಂದು ಹುತ್ತ, ಆಗಷ್ಟೇ ಬಗೆದ ಹಾಗೆ ಬಾಯಿ ತೆರೆದಿತ್ತು. ಒಳಗಿನ ಮಣ್ಣು ಇನ್ನೂ ಹಸಿ, ಅದರ ಮೇಲೆ ನಾಲ್ಕೈದು ಉಗುರಿನ ಗೀರು. ಎಲ್ಲಿಂದಲೋ ಕಮಟು ವಾಸನೆ. ಅವನು ಚಪ್ಪಾಳೆ ತಟ್ಟಿ ಕೂಗಿದ. ಹಕ್ಕಿಗಳ ಸದ್ದೂ ನಿಂತುಹೋಯಿತು. ಮೇಲಿನ ಪೊದೆಯಿಂದ ಒಂದು ಕಲ್ಲು ಉರುಳಿಕೊಂಡು ಬಂದು ನಮ್ಮ ಮುಂದೆ ನಿಂತಿತು. ಯಾರೂ ಕಾಣಲಿಲ್ಲ. ಕೆಂಚಣ್ಣನ ಮೊಣಕಾಲು ಪಂಚೆಯೊಳಗೇ ನಡುಗುತ್ತಿದ್ದದ್ದು ನನಗೆ ಕಾಣುತ್ತಿತ್ತು. ಆದರೆ ಅವನು ಓಡಲಿಲ್ಲ. ತನ್ನ ಮಗಳ ಮದುವೆಯಲ್ಲಿ ಪಾಯಸ ಸೀದುಹೋದ ಕಥೆಯನ್ನು ಜೋರಾಗಿ, ಸಭೆಗೆ ಹೇಳುವ ಹಾಗೆ ಹೇಳುತ್ತ, ಒಂದೊಂದೇ ಹೆಜ್ಜೆ ಹಿಂದಕ್ಕಿಡುತ್ತ ನನ್ನನ್ನು ಕೆಳಗೆ ಇಳಿಸಿದ.

ಗೋಮಾಳ ತಲುಪಿದ ಮೇಲೆ ನನಗೆ ಧೈರ್ಯ ಬಂತು, ಧೈರ್ಯದ ಜೊತೆಗೆ ಸಿಟ್ಟೂ ಬಂತು. "ಹತ್ತೇ ಹೆಜ್ಜೆ ಇತ್ತಲ್ಲ ಕೆಂಚಣ್ಣ, ಬರಿಗೈಲಿ ಬಂದ್ವಲ್ಲ" ಎಂದೆ.

"ಇವತ್ತು ಬ್ಯಾಡ ಅಂದ್ರು, ಬಂದ್ವು. ಹತ್ತೆಜ್ಜೆ ಹೋಗಾಕೆ ಧೈರ್ಯ ಸಾಕು ಟೀಚರಮ್ಮ, ವಾಪಸ್ ಬರಾಕೆ ಕಾಲು ಬೇಕು" ಎಂದ. ಹಾಗೆಂದವನು ಅಲ್ಲೇ ಒಂದು ಕಲ್ಲಿನ ಮೇಲೆ ಕೂತು ಎಷ್ಟೋ ಹೊತ್ತು ಏಳಲಿಲ್ಲ.

ಅದರ ಮುಂದಿನ ವರ್ಷ ನಾನು ತಪ್ಪು ಮಾಡಿದೆ. ಬೆಟ್ಟದ ಕೆಳಗಿನ ಇಳಿಜಾರಿನಲ್ಲಿ ಕೆಂಚಣ್ಣ ಎರಡು ದಪ್ಪ ಬೇರು ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಹಿಂದೆ ಬೆಟ್ಟದ ನೆತ್ತಿ, ಅವನ ಮುಖದಲ್ಲಿ ಎಂದೂ ಇಲ್ಲದ ನಗು. ಫೋಟೋ ಚೆನ್ನಾಗಿ ಬಂತು. ನನ್ನ ಜೊತೆ ಓದಿದವರ ವಾಟ್ಸಾಪ್ ಗುಂಪಿಗೆ ಹಾಕಿದೆ. "ನಮ್ಮೂರ ಬೆಟ್ಟದ ಮಾಕಳಿ, ನಮ್ಮ ಕೆಂಚಣ್ಣ" ಎಂದು ಬರೆದು ಊರಿನ ಹೆಸರನ್ನೂ ಸೇರಿಸಿದೆ. ಅರ್ಧ ಗಂಟೆಯಲ್ಲಿ ಇಪ್ಪತ್ತು ಜನ ಹೊಗಳಿದರು. ಒಬ್ಬಳು ಇದನ್ನು ಎಲ್ಲರಿಗೂ ಕಳಿಸುತ್ತೇನೆ ಎಂದಳು, ನಾನು ಖುಷಿಯಿಂದ ಆಗಲಿ ಎಂದೆ.

ತಿಂಗಳು ಕಳೆಯುವುದರೊಳಗೆ ಊರಿನ ಹೊರಗೆ ಒಂದು ಗೂಡ್ಸ್ ಆಟೋ ಬಂದು ನಿಂತಿತು. ಆರು ಜನ, ಆರು ಹಾರೆ, ಒಂದು ಕಟ್ಟು ಗೋಣಿಚೀಲ. ಯಾವುದೋ ದೂರದ ಊರಿನವರು. ಪಾನಕದ ಎಸೆನ್ಸ್ ಮಾಡುವವರಿಗೆ ಕೊಡುವುದಕ್ಕಂತೆ, ಉಪ್ಪಿನಕಾಯಿಯವರಿಗಂತೆ, ಕೇಳಿದವರಿಗೆ ಒಬ್ಬೊಬ್ಬರು ಒಂದೊಂದು ಹೇಳಿದರು. ಅವರಿಗೆ ಹೆದರಿಕೆಯೆಂಬುದೇ ಇರಲಿಲ್ಲ. ಬೆಟ್ಟದಲ್ಲಿ ಪಟಾಕಿ ಹೊಡೆದರು, ಬಂಡೆಯನ್ನು ಹಾರೆಯಿಂದ ಮೀಟಿ ಉರುಳಿಸಿದರು, ಬಳ್ಳಿಯನ್ನು ಬುಡದ ಗಂಟಿನ ಸಮೇತ ಕಿತ್ತರು. ಒಂದು ವಾರ ಬಿಟ್ಟು ಕೆಂಚಣ್ಣ ನನ್ನನ್ನು ಕರೆದುಕೊಂಡು ಹೋಗಿ ತೋರಿಸಿದ. ಇಳಿಜಾರಿನ ಉದ್ದಕ್ಕೂ ಗುಂಡಿ. ಯಾವ ಗುಂಡಿಯನ್ನೂ ಮುಚ್ಚಿರಲಿಲ್ಲ. ಬಿಸಿಲಿಗೆ ಬಿದ್ದ ಬಳ್ಳಿಗಳ ತುದಿಯಲ್ಲಿ ತಡವಾಗಿ ಬಿಟ್ಟು ಇನ್ನೂ ಒಡೆಯದ ಕಾಯಿ ಬಾಡಿ ನೇತಾಡುತ್ತಿದ್ದವು. ಕೆಂಚಣ್ಣ ಒಂದೊಂದು ಗುಂಡಿಯ ಹತ್ತಿರವೂ ನಿಂತು ಒಳಗೆ ನೋಡುತ್ತಿದ್ದ, ಬಾವಿ ನೋಡುವವನ ಹಾಗೆ ಕುಕ್ಕರುಗಾಲಲ್ಲಿ ಕೂತು.

ನಾನು ಫೋಟೋದ ವಿಷಯ ಹೇಳಿದೆ. ಹೇಳದೆ ಇರಲಾಗಲಿಲ್ಲ. ಅವನು ಬಯ್ಯುತ್ತಾನೆಂದು ಕಾದೆ. "ಪೋಟಾದಾಗೆ ನನ್ನ ಮುಖ ಚೆನ್ನಾಗಿ ಬಂದಿತ್ತಾ?" ಎಂದು ಕೇಳಿದ. ಬಂದಿತ್ತು ಎಂದೆ. ಬೈದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಫಾರೆಸ್ಟ್ ಗಾರ್ಡಿಗೆ ಹೇಳಿದೆವು. ಒಳ್ಳೆಯ ಮನುಷ್ಯ, ಎರಡು ಸಲ ಬಂದು ಅವರನ್ನು ಓಡಿಸಿದ. ಅವನೊಬ್ಬನೇ, ಬೆಟ್ಟಗಳು ಹತ್ತು. ಅವನು ಆ ಕಡೆ ಹೋದರೆ ಅವರು ಈ ಕಡೆಯಿಂದ ಹತ್ತುತ್ತಿದ್ದರು. ಹೀಗೆ ವರ್ಷ ಕಳೆಯಿತು. ಮತ್ತೆ ಚಳಿ ಬಂತು, ಕೆಂಚಣ್ಣ ಬೆಟ್ಟದ ಬುಡದಲ್ಲಿ ನಿಂತು ಕೂಗಿದ. ಅವನು ಎಲ್ಲಿ ಕೂಗುತ್ತಾನೋ ಮಾರನೆಯ ದಿನ ಅಲ್ಲಿ ಗುಂಡಿ. ಆ ಆರು ಜನ ಕೆಳಗೆ ಬೀಡಿ ಸೇದುತ್ತ ಕೂತು ಅವನ ಕೂಗು ಬರುವ ದಿಕ್ಕನ್ನು ಕೇಳಿಸಿಕೊಳ್ಳುತ್ತಿದ್ದರು. ಅಪ್ಪ ಕಲಿಸಿದ ಕೂಗೇ ಈಗ ಅವರಿಗೆ ದಾರಿ ತೋರಿಸುತ್ತಿತ್ತು.

ಒಂದು ಸಂಜೆ ಅವನು ನಮ್ಮ ಜಗಲಿಗೆ ಬಂದು ಕೂತ. ಕಾಫಿ ಕೊಟ್ಟೆ.

"ತಾಯಿಬಳ್ಳಿ ಒಂದೇ ಉಳಿದಿರಾದು ಟೀಚರಮ್ಮ. ಈ ವರ್ಷ ಕಾಯಿ ಬೋ ಕಚ್ಚೈತೆ. ಇನ್ನೊಂದು ವಾರಕ್ಕೆ ಒಡೀತವೆ. ಬೀಜ ಹಾರೋದು ಕೆಳಗ್ಲಿಂದ ಕಾಣ್ತದೆ. ಬಿಳೇದು ಹಾರಿದ್ದು ನೋಡಿದ್ರೆ ಅವ್ರು ಬುಡ ಹುಡಿಕ್ಕಂಡು ಬತ್ತಾರೆ."

ನಾನು ಆಗಲೇ ಯೋಚನೆ ಮಾಡಿಟ್ಟಿದ್ದೆ. ಕಾಯಿ ಒಡೆಯುವ ಮುಂಚೆ ಬಿಡಿಸಿ ತಂದುಬಿಡು, ನಮ್ಮ ತೋಟದ ಮೂಲೆಯಲ್ಲಿ ಸಸಿ ಮಾಡೋಣ, ಮಳೆಗಾಲಕ್ಕೆ ಬೇರೆ ಬೇರೆ ಬೆಟ್ಟದಲ್ಲಿ ನೆಡೋಣ ಎಂದೆ. ನಾನು ಕೆಡಿಸಿದ್ದನ್ನು ನಾನೇ ಸರಿ ಮಾಡಬೇಕೆಂಬ ಆತುರ ನನ್ನದು.

"ಹೋಗಿ ತರಾದೇನೋ ತರ್ಬೋದು. ಕೂಗಿದ್ರೆ ಜಾಗ ಗೊತ್ತಾಯ್ತದಲ್ಲ" ಎಂದ.

"ಕೂಗಬೇಡ. ಸುಮ್ಮನೆ ಹೋಗಿ ಸುಮ್ಮನೆ ಬಾ. ಒಂದು ದಿನದ ಮಾತು."

ಅವನು ನನ್ನ ಮುಖ ನೋಡಿದ. "ಕೂಗ್ದೆ ಹೋದ್ರೆ ಕಳ್ಳ ಹೋದಂಗೆ ಕಣಮ್ಮ. ಕಂಬಳಿಯೋರು ಈಗ ಮರಿ ಹಾಕ್ಕಂಡಿರೋ ಕಾಲ."

"ಬಿಸಿಲೇರಿದ ಮೇಲೆ ಹೋಗು. ಆಗ ಅವು ಗವಿಯೊಳಗೆ ಮಲಗಿರುತ್ತವೆ" ಎಂದೆ. ಪುಸ್ತಕದಲ್ಲಿ ಹಾಗೇ ಇತ್ತು. ನಾನು ಹೇಳಿದ್ದು ವಿಜ್ಞಾನ, ಅವನು ಹೇಳಿದ್ದು ಹೆದರಿಕೆ. ಓದಿದವಳ ಮಾತಿಗೆ ಅವನು ಬೆಲೆ ಕೊಡುತ್ತಿದ್ದ. ಲೋಟ ಕೆಳಗಿಟ್ಟು, ಸರಿ ಹಂಗೇ ಮಾಡ್ತೀನಿ ಎಂದು ಎದ್ದುಹೋದ.

ಅವನು ಹೋದದ್ದು ಶನಿವಾರ. ನನಗೆ ಅರ್ಧ ದಿನ ಶಾಲೆ. ಹನ್ನೆರಡಕ್ಕೆ ಮನೆಗೆ ಬಂದು ಹಿತ್ತಲಲ್ಲಿ ನಿಂತೆ. ಬೆಟ್ಟದ ಕಡೆಯಿಂದ ಯಾವ ಸದ್ದೂ ಇರಲಿಲ್ಲ. ಇರಬಾರದೆಂದು ನಾನೇ ಹೇಳಿದ್ದೆ, ಆದರೂ ಕಿವಿ ಕೊಟ್ಟುಕೊಂಡೇ ನಿಂತೆ. ಅವನು ಮೇಲಿರುವಾಗ, ಇಪ್ಪತ್ತನಾಲ್ಕು ವರ್ಷ ಕೇಳಿದ ಕೂಗು ಇಲ್ಲದೆ ಆ ಬೆಟ್ಟವನ್ನು ನಾನು ನೋಡಿದ್ದು ಅದೇ ಮೊದಲು. ಒಂದು ಗಂಟೆಗೆ ಅವನ ಮನೆಗೆ ಹೋದೆ. ಪುಟ್ಟಮ್ಮ ಮುದ್ದೆ ಮಾಡಿ ಮುಚ್ಚಿಟ್ಟು ಬಾಗಿಲಲ್ಲಿ ಕೂತಿದ್ದಳು. ನಾನೂ ಕೂತೆ. ಎರಡು ಗಂಟೆಯಾಯಿತು. ಬೆಟ್ಟದ ಬುಡದಲ್ಲಿ ಆ ಗೂಡ್ಸ್ ಆಟೋ ನಿಂತೇ ಇತ್ತು. ಹೋಗಿ ಕೂಗೋಣವೆಂದರೆ ಅವರಿಗೆ ಗೊತ್ತಾಗುತ್ತದೆ, ಕೂಗದೆ ಇದ್ದರೆ ಅವನಿಗೆ ಏನಾಗಿದೆಯೋ ಗೊತ್ತಾಗುವುದಿಲ್ಲ. ಪುಟ್ಟಮ್ಮ ನನ್ನ ಮುಂಗೈ ಹಿಡಿದುಕೊಂಡಿದ್ದಳು.

ಮೂರು ಗಂಟೆಗೆ ಕೂಗು ಕೇಳಿತು. ಮಾತಿಲ್ಲ, ಬರೀ ದನಿ. ಅದು ಬಂದದ್ದು ಪಡುವಣ ಕಡೆಯಿಂದ, ಮೇಕೆಯವರು ಓಡಾಡುವ ಹಾದಿಯಿಂದ. ನಮ್ಮ ಯಜಮಾನರು, ಗಾರ್ಡು, ಊರಿನ ನಾಲ್ಕು ಗಂಡಸರು ಓಡಿದರು. ಆಟೋದವರೂ ಓಡಿದರು; ಆ ಕಡೆ ಹೋಗಿ ನೋಡಿ, ಬರೀ ಬೋಳು ಬಂಡೆಯೆಂದು ಗೊತ್ತಾಗಿ ವಾಪಸ್ ಬಂದರಂತೆ. ಕೆಂಚಣ್ಣನನ್ನು ಕಂಬಳಿಯಲ್ಲಿ ಹೊತ್ತು ತಂದರು. ತಲೆಯ ಟವಲ್ಲು ಬಿಚ್ಚಿ ಮುಖಕ್ಕೆ ಸುತ್ತಿಕೊಂಡಿದ್ದ, ಅಂಗಿಯನ್ನೂ ಮುದ್ದೆ ಮಾಡಿ ಒತ್ತಿಕೊಂಡಿದ್ದ. ಟವಲ್ಲಿನ ಬಣ್ಣ ಯಾವುದೆಂದು ತಿಳಿಯುತ್ತಿರಲಿಲ್ಲ. ನನ್ನ ಕಣ್ಣೆದುರು ಅವನನ್ನು ಆಂಬುಲೆನ್ಸಿಗೆ ಏರಿಸುವಾಗ ಒಂದು ಕ್ಷಣ ಅದು ಜಾರಿತು. ನಾನು ನೋಡಿದ್ದನ್ನು ಇಲ್ಲಿ ಬರೆಯುವುದಿಲ್ಲ. ಎಷ್ಟೋ ರಾತ್ರಿ ನಿದ್ದೆ ಕೆಡಿಸಿದ್ದು ಅದು.

ತುಮಕೂರಿನ ಆಸ್ಪತ್ರೆಯಲ್ಲಿ ಒಂದು ಕಣ್ಣು ತೆಗೆದರು, ದವಡೆ ಹೊಲಿದರು. ಹೋಗಿ ಅವನ ಮುಂದೆ ನಿಲ್ಲಲು ನನಗೆ ಧೈರ್ಯ ಬರಲಿಲ್ಲ. ನಾಳೆ ಹೋಗುತ್ತೇನೆ, ನಾಳಿದ್ದು ಹೋಗುತ್ತೇನೆ ಎಂದು ದಿನ ದೂಡಿದೆ. ಎಂಟನೆಯ ದಿನ ಪುಟ್ಟಮ್ಮನೇ ಫೋನು ಮಾಡಿ, "ನಿಮ್ಮನ್ನೇ ಕೇಳ್ತಾವ್ರೆ, ಬನ್ನಿ ಟೀಚರಮ್ಮ" ಎಂದಳು. ಹೋದೆ. ಮುಖದ ಅರ್ಧ ಬ್ಯಾಂಡೇಜು, ಉಳಿದ ಅರ್ಧ ಊದಿಕೊಂಡಿತ್ತು. ನಂಜೇರಿದೆ ಎಂದು ನರ್ಸು ಹೊರಗೇ ಹೇಳಿದ್ದಳು. ಅವನು ಕೈಸನ್ನೆ ಮಾಡಿ ಪುಟ್ಟಮ್ಮನನ್ನು ಮಜ್ಜಿಗೆ ತರಲು ಕಳಿಸಿದ.

"ಕೂಗಬೇಡ ಅಂದವಳು ನಾನು ಕೆಂಚಣ್ಣ" ಎಂದೆ.

"ಹೇಳಿದ್ದು ನೀವು, ಹೋದೋನು ನಾನು. ಬುಡಿ" ಎಂದ. ಮಾತು ತೊದಲುತ್ತಿತ್ತು. ಒಂದೊಂದು ಮಾತಿಗೂ ನಿಂತು ಉಸಿರು ಎಳೆದುಕೊಳ್ಳುತ್ತಿದ್ದ.

ಆಮೇಲೆ ಬೆಟ್ಟದಲ್ಲಿ ನಡೆದದ್ದನ್ನು ಹೇಳಿದ. ಕಾಯಿ ಬಿಡಿಸಲು ಕೈ ಎತ್ತಿದಾಗ ಬಂಡೆಯ ಹಿಂದಿನಿಂದ ಅದು ಬಂತು. ಬೆನ್ನ ಮೇಲೆ ಎರಡು ಮರಿ. ಮುಗಿಸಿ ಹೋದ ಮೇಲೂ ಅವನಿಗೆ ಜ್ಞಾನವಿತ್ತು. ಕೆಳಗೆ ಆ ಆರು ಜನ ಮಾತಾಡುವುದು, ನಗುವುದು ಕೇಳುತ್ತಿತ್ತು. ಒಂದು ಸಲ ಕೂಗಿದ್ದರೆ ಹತ್ತು ನಿಮಿಷದಲ್ಲಿ ಬಂದು ಎತ್ತಿಕೊಳ್ಳುತ್ತಿದ್ದರು.

"ಎತ್ಕಳಾಕೆ ಬಂದೋರು ಬಳ್ಳೀನೂ ನೋಡ್ತಿದ್ರು ಕಣಮ್ಮ. ಅದುಕ್ಕೆ ರಗತ ತೊಟ್ಟಿಕ್ದಂಗೆ ಬಟ್ಟೆ ಒತ್ಕಂಡು, ಬಂಡೆ ಮ್ಯಾಲೆ ತೆವಳ್ಕಂಡು ಈಚೆ ಬಂದೆ. ದೂರ ಬಂದ್ಮ್ಯಾಲೆ ಕೂಗ್ದೆ."

ಮೂರು ಗಂಟೆ ಹೊತ್ತು ತೆವಳಿದ್ದ. ಮುಖದ ಅರ್ಧ ಕೈಯಲ್ಲಿ ಹಿಡಿದುಕೊಂಡು, ಬಾಯಿ ಕಚ್ಚಿಕೊಂಡು. ಎಂಟು ಮೆಟ್ಟಿಲಿನ ಏಣಿ ಹತ್ತದ ಮನುಷ್ಯ.

"ಹೆದರಿಕೆ ಆಗಲಿಲ್ವಾ?" ಎಂದು ಕೇಳಿದೆ. ಕೇಳಬಾರದಿತ್ತೇನೋ.

"ಉಚ್ಚೆ ಹೊಯ್ಕಂಡೆ ಕಣಮ್ಮ" ಎಂದ. ಉಳಿದ ಒಂದು ಕಣ್ಣು ಸ್ವಲ್ಪ ನಕ್ಕಿತು.

ಆಮೇಲೆ, "ನಿಮಗೆ ಆಯ್ತದಾ?" ಎಂದು ಕೇಳಿದ.

"ಏನು?"

"ಹೆದ್ರಿಕೆ."

ಆಗುತ್ತದೆ ಎಂದೆ. ಆ ಶನಿವಾರದಿಂದ ಬೆಟ್ಟದ ಕಡೆ ಮುಖ ಹಾಕಲು ಹೆದರಿಕೆ, ಫೋನು ಕೈಗೆತ್ತಿಕೊಳ್ಳಲು ಹೆದರಿಕೆ, ಯಾರಿಗೆ ಏನು ಹೇಳಿಬಿಡುತ್ತೇನೋ ಎಂದು ಬಾಯಿ ತೆರೆಯಲು ಹೆದರಿಕೆ. ನಿನ್ನ ಹತ್ತಿರ ಬರಲೂ ಎಂಟು ದಿನ ಹೆದರಿದೆ ಎಂದೆ. ಸುಳ್ಳು ಹೇಳಲಿಲ್ಲ. ಅಳು ಬಂತು, ಅತ್ತುಬಿಟ್ಟೆ.

ನನ್ನ ಅಳು ಮುಗಿಯುವವರೆಗೂ ಅವನು ಕಾದ. "ಹಂಗಾರೆ ಹತ್ರ ಬನ್ನಿ" ಎಂದ.

ಅವನ ಬಾಯಿಯ ಹತ್ತಿರ ಕಿವಿ ಇಟ್ಟೆ. ತಾಯಿಬಳ್ಳಿಯ ಜಾಗ ಹೇಳಿದ. ಯಾವ ಬಂಡೆ, ಯಾವ ಕಡೆಯ ಸಂದು, ಎಲ್ಲಿ ನಿಂತರೆ ಕಾಣುವುದಿಲ್ಲ, ಎಲ್ಲಿ ಕೂತರೆ ಕಾಣುತ್ತದೆ. ಎರಡು ಸಲ ಹೇಳಿ, ನನ್ನಿಂದ ಒಂದು ಸಲ ಹೇಳಿಸಿದ. ನಾನು ಕಲಿಸುವಾಗ ಮಾಡುವ ಹಾಗೆಯೇ. ಅಷ್ಟರಲ್ಲಿ ಪುಟ್ಟಮ್ಮ ಮಜ್ಜಿಗೆ ತಂದಳು, ಅವನು ಕಣ್ಣು ಮುಚ್ಚಿದ. ನಾಲ್ಕು ದಿನ ಬಿಟ್ಟು, ಬುಧವಾರ ಮಧ್ಯಾಹ್ನ, ಕೆಂಚಣ್ಣ ತೀರಿಕೊಂಡ.

ಆಸ್ಪತ್ರೆಯಿಂದ ಬಂದ ದಿನ ನಮ್ಮ ಯಜಮಾನರು ಕೇಳಿದ್ದರು. "ಏನಾದರೂ ಹೇಳಿದನಾ ಬಳ್ಳಿ ಎಲ್ಲಿದೆ ಅಂತ?" ಇಲ್ಲ, ಮಾತಾಡುವ ಸ್ಥಿತಿಯಲ್ಲಿರಲಿಲ್ಲ ಎಂದೆ. ಅವರಿಗೆ ನಾನು ಸಣ್ಣಪುಟ್ಟ ಸುಳ್ಳು ಹೇಳಿದವಳೇ, ಸೀರೆಯ ಬೆಲೆ ಇತ್ಯಾದಿ. ಆದರೆ ಸುಳ್ಳು ಹೇಳಿದ ಮೇಲೆ ಅವರ ಮುಖ ತಪ್ಪಿಸಿ ಅಡಿಗೆಮನೆಗೆ ಹೋದದ್ದು ಅದೇ ಮೊದಲು.

ಆ ಶನಿವಾರದ ಮೇಲೆ ಆ ಆರು ಜನ ಮತ್ತೆ ಬರಲಿಲ್ಲ, ತಾಯಿಬಳ್ಳಿಯ ಬೀಜ ಹಾರುವುದನ್ನು ನೋಡಲು ಅವರಿರಲಿಲ್ಲ. ಬೆಟ್ಟ ಬರಿದಾಯಿತೆಂದು ತಿಳಿದು ಬೇರೆ ಬೆಟ್ಟಕ್ಕೆ ಹೋಗಿರಬೇಕು. ಹೋದ ಚಳಿಗಾಲದಲ್ಲಿ ಒಂದು ದಿನ ಧೈರ್ಯ ಮಾಡಿ ನಾನೊಬ್ಬಳೇ ಹೊರಟೆ. ಕಾಲು ಭಾಗ ಹತ್ತಿದ್ದೆ. ಕೆಳಗಿನ ಹಾದಿಯಲ್ಲಿ ಯಾರದೋ ಬೈಕು ನಿಂತಿತು, ಒಬ್ಬ ಹಣೆಗೆ ಕೈ ಅಡ್ಡ ಹಿಡಿದು ಮೇಲೆ ನೋಡುತ್ತಿದ್ದ. ಉಚ್ಚೆಗೆ ನಿಲ್ಲಿಸಿದ್ದನೋ, ನನ್ನನ್ನೇ ನೋಡುತ್ತಿದ್ದನೋ ತಿಳಿಯದು. ಒಂದು ಹಿಡಿ ಕಸಬರಿಕೆ ಹುಲ್ಲು ಕುಯ್ದುಕೊಂಡು, ಅದಕ್ಕೇ ಬಂದವಳ ಹಾಗೆ ಇಳಿದು ಬಂದೆ.

ಮೊನ್ನೆ ಒಬ್ಬ ಯುವಕ ಬಂದಿದ್ದ. ಗಿಡಮೂಲಿಕೆಗಳನ್ನು ಉಳಿಸುವ ಕೆಲಸ ಮಾಡುವವನಂತೆ. ಮರ್ಯಾದಸ್ಥ, ಚಪ್ಪಲಿ ಹೊರಗೆ ಬಿಟ್ಟು ನೆಲದ ಮೇಲೆ ಕೂತ. ಒಂದು ಬಳ್ಳಿ ಉಳಿದಿದ್ದರೂ ಸಾಕು ಮೇಡಂ, ಬೀಜ ತೆಗೆದು ಸಾವಿರ ಸಸಿ ಮಾಡಿ ಬೆಟ್ಟಕ್ಕೇ ವಾಪಸ್ ನೆಡಬಹುದು ಎಂದ. ನಾನು ಕೆಂಚಣ್ಣನಿಗೆ ಹೇಳಿದ್ದೂ ಅದನ್ನೇ. ಈ ಹುಡುಗ ಹೇಳಿದ್ದು ನಿಜವೇ ಇರಬಹುದು, ಅವನು ಒಳ್ಳೆಯವನೇ ಇರಬಹುದು. ಆದರೆ 'ನನಗೆ ಯಾವ ಭಯವೂ ಇಲ್ಲ ಮೇಡಂ, ಎಂಥ ಬೆಟ್ಟವಾದರೂ ಹತ್ತುತ್ತೇನೆ' ಎಂದುಬಿಟ್ಟ. ಗೊತ್ತಿಲ್ಲಪ್ಪ ಎಂದು ಕಾಫಿ ಕೊಟ್ಟು ಕಳಿಸಿದೆ. ಅವನು ಹೋದ ಮೇಲೆ ಸರಿ ಮಾಡಿದೆನೋ ತಪ್ಪು ಮಾಡಿದೆನೋ ಎಂದು ಸಂಜೆಯವರೆಗೂ ಒದ್ದಾಡಿದೆ.

ಈಚೆಗೆ ನನಗೆ ಮರೆವು ಹೆಚ್ಚುತ್ತಿದೆ. ತರಗತಿಯಲ್ಲಿ ಮಕ್ಕಳ ಹೆಸರು, ಒಲೆಯ ಮೇಲಿಟ್ಟ ಹಾಲು. ಕೆಂಚಣ್ಣ ಹೇಳಿದ ಜಾಗವನ್ನು ದಿನಕ್ಕೊಂದು ಸಲ ಬಾಯಲ್ಲೇ ಹೇಳಿಕೊಳ್ಳುತ್ತೇನೆ, ಎಲ್ಲೂ ಬರೆದಿಟ್ಟಿಲ್ಲ. ಯಾರಿಗಾದರೂ ಹೇಳಿಬಿಡುತ್ತೇನೆಂಬ ಭಯ ಮೊದಲು ದೊಡ್ಡದಾಗಿತ್ತು. ಈಗ ಯಾರಿಗೂ ಹೇಳದೆ ಹೋಗಿಬಿಡುತ್ತೇನೆಂಬ ಭಯ ಅದಕ್ಕಿಂತ ದೊಡ್ಡದಾಗಿದೆ. ಹೇಳುವುದಕ್ಕೆ ಒಬ್ಬ ಪುಕ್ಕಲ ಬೇಕು. ಹುಡುಕುತ್ತಿದ್ದೇನೆ. ಊರ ತುಂಬ ಧೈರ್ಯವಂತರೇ ಇದ್ದಾರೆ.